ಎಡಪ್ಪನ ಗೋತ್ರ

ಹೋದ ವಾರ ನನ್ನ ಸೊಸೆ ಹಳೆಯ ಮೊರಕ್ಕೆ ಕಾಗದ ಮೆತ್ತಬೇಕೆಂದು ಹುಣಸೆ ಬೀಜದ ಅಂಟು ಕಾಯಿಸುತ್ತಿದ್ದಳು. ಆ ವಾಸನೆ ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ; ಅರಿಯದವರಿಗೆ ವರ್ಣಿಸಿ ಅವರ ಊಟ ಕೆಡಿಸುವ ಇಷ್ಟವೂ ಇಲ್ಲ. ಪಡಸಾಲೆಯಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ನನ್ನ ಮೂಗಿಗೆ ಅದು ಬಡಿದದ್ದೇ ತಡ, ನಗು ಉಕ್ಕಿಬಂತು. ಒಂದು ವಯಸ್ಸಾದ ಮೇಲೆ ಮುದುಕಿಯರು ಒಬ್ಬರೇ ಕೂತು ಅಳಬಹುದು, ಯಾರೂ ಏನೂ ಅನ್ನುವುದಿಲ್ಲ; ಒಬ್ಬರೇ ಕೂತು ನಕ್ಕರೆ ಮಾತ್ರ ಮನೆಮಂದಿಗೆ ದಿಗಿಲು. ಸೊಸೆ ಸೌಟು ಹಿಡಿದುಕೊಂಡೇ ಓಡಿಬಂದಳು.

"ಏನಾತ್ರಿ ಅತ್ತಿ?"

"ಏನಿಲ್ಲವಾ. ಎಡಪ್ಪ ನೆನಪಾದ."

"ಎಡಪ್ಪ ಅಂದ್ರ ಯಾರ್ರಿ?"

ಅವಳ ಮುಖ ನೀವು ನೋಡಬೇಕಿತ್ತು. ಕಟ್ಟಿಕೊಂಡ ಗಂಡನ ಹೆಸರನ್ನೇ ಒಂದು ದಿನವೂ ಬಾಯಲ್ಲಿ ತಂದವಳಲ್ಲ ನಾನು. ಅಂಥವಳು ಈ ವಯಸ್ಸಿನಲ್ಲಿ ಯಾವನೋ ಎಡಪ್ಪನನ್ನು ನೆನೆದು ಕಿಸಕಿಸ ನಗುತ್ತಿದ್ದೇನೆ. ಸೊಸೆ ಒಲೆಯ ಮೇಲಿನ ಅಂಟನ್ನು ಇಳಿಸಿ, ಬಾಗಿಲು ಮುಂದೆ ಮಾಡಿ, ನನ್ನೆದುರು ಗಟ್ಟಿಯಾಗಿ ಕೂತಳು. ಹೇಳದೆ ಬಿಡುವಂತಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ನೀವೂ ಸ್ವಲ್ಪ ಸರಿದು ಕೂಡಿರಿ.

ರೂಪಾಯಿಯ ಮೇಲೆ ರಾಣಿಯ ಮುಖವಿದ್ದ ಕಾಲ ಅದು. ನಮ್ಮ ಜಿಲ್ಲೆ ಮದ್ರಾಸಿನ ಕೈಕೆಳಗಿತ್ತು. ನಮ್ಮವರು ಬಳ್ಳಾರಿಯ ಒಂದು ಸಾಲೆಯಲ್ಲಿ ಮಾಸ್ತರರಾಗಿದ್ದರು. ಒಂದು ಬೇಸಿಗೆಯಲ್ಲಿ ಕಲ್ಲುಗಳನ್ನು ಪರೀಕ್ಷೆ ಮಾಡುವ ದೊರೆಯೊಬ್ಬ ಊರಿಗೆ ಬಂದಿಳಿದ. ಸುತ್ತಿಗೆ ಹಿಡಿದು ಗುಡ್ಡದಿಂದ ಗುಡ್ಡಕ್ಕೆ ತಿರುಗುವುದು, ಕಲ್ಲಿಗೆ ಟಕಟಕ ಹೊಡೆಯುವುದು, ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು, ಇದಿಷ್ಟೇ ಅವನ ಉದ್ಯೋಗ. ದಾರಿ ಕೇಳಲು, ಹಾಲು ಮೊಸರು ಕೇಳಲು ಅವನಿಗೆ ಕನ್ನಡ ತೆಲುಗು ಎರಡೂ ಬಲ್ಲವರು ಬೇಕಾಗಿದ್ದರು. ರಜೆಯಲ್ಲಿ ಮನೆಯಲ್ಲಿ ಕೂತಿದ್ದ ನಮ್ಮವರು ಹೋದರು. ಹೋಗುವಾಗ ನೆಟ್ಟಗಿದ್ದವರು ಬರುವಾಗ ಹುಚ್ಚು ಹಿಡಿಸಿಕೊಂಡು ಬಂದರು. ಇದು ನನ್ನ ಮಾತಲ್ಲ, ನಮ್ಮತ್ತೆಯವರದು.

ಆ ದೊರೆಯ ಹತ್ತಿರ ಅಮೆರಿಕದಿಂದ ಬಂದ ಪತ್ರಿಕೆಗಳಿದ್ದವಂತೆ. ಅಲ್ಲಿನ ಪಂಡಿತನೊಬ್ಬ ಕೆಮ್ಮಣ್ಣಿನ ಬಯಲೊಂದನ್ನು ಅಗೆಸಿ, ಯಾವುದೋ ಕಾಲದ ಪ್ರಾಣಿಯ ಮೂಳೆಗಳನ್ನು ತೆಗೆಸಿದ್ದ. ಎತ್ತಿನ ಗಾಡಿಯಷ್ಟು ಉದ್ದ. ಉಡದ ಹಾಗೆ ಪಕ್ಕಕ್ಕೆ ಚಾಚಿದ ಕಾಲು. ಕಣಜದಂಥ ಹೊಟ್ಟೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಬೆನ್ನು. ಬೆನ್ನೆಲುಬಿನ ಒಂದೊಂದು ಮಣಿಯಿಂದಲೂ ಆಳೆತ್ತರದ ಕಡ್ಡಿಯಂಥ ಮೂಳೆ ಮೇಲಕ್ಕೆದ್ದು, ಆ ಕಡ್ಡಿಗಳಿಗೆ ಅಡ್ಡಡ್ಡ ಮುಳ್ಳುಗಳು ಮೂಡಿ, ಅವುಗಳ ನಡುವೆ ಚರ್ಮ ಬಿಗಿದು, ಥೇಟ್ ಹಡಗಿನ ಹಾಯಿ. ಅಂಥ ಪ್ರಾಣಿಗಳ ಒಂದು ಕುಟುಂಬವೇ ಇತ್ತಂತೆ. ಮರದಷ್ಟು ಎತ್ತರದ ಜರೀಗಿಡಗಳ ನಡುವೆ, ಕೆರೆ ಜೌಗುಗಳ ಅಂಚಿನಲ್ಲಿ ಅವುಗಳ ವಾಸ. ಆಗಿನ್ನೂ ಭೂಮಿಯ ಮೇಲೆ ಹೂವಿಲ್ಲ, ಹುಲ್ಲಿಲ್ಲ, ಹಕ್ಕಿಯಿಲ್ಲ. ನೋಡಲು ಹಲ್ಲಿಯ ಹಾಗಿದ್ದರೂ ಹಲ್ಲಿಯ ಪೈಕಿಯಲ್ಲ. ಹಾಲು ಕೊಡುವ ಪ್ರಾಣಿಗಳು ಹುಟ್ಟುವ ಮೊದಲಿನ ಬಳಗ ಅದು ಎಂದು ಆ ಪಂಡಿತನ ಅಭಿಪ್ರಾಯ. ಆ ಕುಟುಂಬಕ್ಕೆ ಎಡಾಫೊಸಾರಸ್ ಎಂದೇನೋ ಹೆಸರು. ನಮ್ಮತ್ತೆಯವರ ಬಾಯಲ್ಲಿ ಅದು ಒಂದೇ ದಿನಕ್ಕೆ ಎಡಪ್ಪ ಆಯಿತು. ಸರ್ಕಾರದವರೇ ಇಟ್ಟಿದ್ದರೂ ಇಷ್ಟು ಹೊಂದುತ್ತಿರಲಿಲ್ಲ.

"ನಮ್ಮ ಬಳ್ಳಾರಿ ಗುಡ್ಡದಾಗೂ ಇಂಥ ಮೂಳಿ ಸಿಗಬಹುದೇನ್ರಿ?" ಎಂದು ಇವರು ಆಸೆಯಿಂದ ಕೇಳಿದರಂತೆ. ದೊರೆ ನಕ್ಕು, ನಿಮ್ಮ ಬಳ್ಳಾರಿಯ ಕಲ್ಲು ಹುಟ್ಟಿದಾಗ ಜಗತ್ತಿನಲ್ಲಿ ಮೂಳೆ ಅನ್ನುವ ವಸ್ತುವೇ ಇರಲಿಲ್ಲ ಎಂದನಂತೆ. ಇವರಿಗೆ ಹೆಮ್ಮೆಯೂ ಆಯಿತು, ನಿರಾಸೆಯೂ ಆಯಿತು. ಆದರೂ ನಂಬಿಕೆ ಬಿಡದೆ ಗುಡ್ಡ ಹತ್ತಿ ಹುಡುಕಿ ಒಂದು ಮೂಳೆ ತಂದರು. ಅದು ಯಾರೋ ಉಂಡು ಬಿಸುಟಿದ್ದ ಕುರಿಯ ಕಾಲು. ಅತ್ತೆಯವರು ಮಗನನ್ನು ಹೊಸಿಲ ಆಚೆಯೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದು ಒಳಗೆ ಕರೆದುಕೊಂಡರು.

ಇಂಥವರಿಗೆ ನನ್ನನ್ನು ಕೊಟ್ಟು ಮದುವೆಯಾಯಿತು. ನನ್ನ ತವರು ಕುರುಗೋಡು. ಅಪ್ಪ ಆಚಾರದಲ್ಲಿ ಬಲು ಬಿಗಿ. ನಗುವುದಕ್ಕೂ ಒಂದು ತಿಥಿ ಇರಬೇಕು, ಅದು ಪಂಚಾಂಗದಲ್ಲಿ ಬರೆದಿಲ್ಲವಾದ್ದರಿಂದ ನಗುತ್ತಿರಲಿಲ್ಲ ಎಂದು ಕಾಣುತ್ತದೆ. ಕುರುಗೋಡಿನಲ್ಲಿ ಸುತ್ತ ಗುಡ್ಡ, ಗುಡ್ಡದ ತುಂಬ ಮಂಗ. ಮದುವೆಯ ಊಟಕ್ಕೆ ಪಂಕ್ತಿ ಕೂತು, ಅಪ್ಪ ತಾವೇ ತುಪ್ಪ ಬಡಿಸುತ್ತ ಬರುತ್ತಿದ್ದಾಗ ಒಂದು ಮಂಗ ಮಾಳಿಗೆಯಿಂದ ಜಿಗಿದು ಬಾಳೆಹಣ್ಣಿನ ಗೊನೆಗೆ ಕೈ ಹಾಕಿತು. ಯಾರೋ ಕೋಲು ಎತ್ತಿದರು. ಪಂಕ್ತಿಯ ತುದಿಯಲ್ಲಿ ಕೂತಿದ್ದ ಮದುಮಗ ಎದ್ದು ನಿಂತು ಕೂಗಿದರು.

"ಹೊಡೀಬ್ಯಾಡ್ರಿ! ಅವು ನಮ್ಮ ಹಿರಿಯರು!"

ಪಂಕ್ತಿಯೆಲ್ಲ ತಲೆದೂಗಿತು. ಎಂಥ ಪ್ರಾಣದೇವರ ಭಕ್ತಿ, ಎಂಥ ಅಳಿಯ ಎಂದು ಅಪ್ಪನ ಕಣ್ಣಲ್ಲಿ ನೀರು ಬಂತಂತೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನನ್ನ ಬಾಳು ಸುಗಮವಾಗಿ ಸಾಗುತ್ತಿತ್ತು. ಆದರೆ ನಮ್ಮವರಿಗೆ ಯಾರಾದರೂ ತಪ್ಪು ತಿಳಿದುಕೊಂಡರೆ ಅನ್ನ ಇಳಿಯುತ್ತಿರಲಿಲ್ಲ.

"ಹನುಮಪ್ಪನ ಮಾತಲ್ರಿ ಇದು," ಎಂದು ವಿವರಿಸಿದರು. "ಖರೇನ ನಾವು ಮಂಗ್ಯಾನ ಬಳಗದಿಂದ ಬಂದೀವಿ. ಶಾಸ್ತ್ರಜ್ಞರು ಹೇಳ್ಯಾರ."

ಅಪ್ಪನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. ತಾಳಿ ಕಟ್ಟಿ ಆಗಿತ್ತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. "ಮಂಗ್ಯಾನ ಮನಿಗೆ ಮಗಳನ್ನ ಕೊಟ್ಟಂಗಾತು," ಎಂದರು. "ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ, ಆ ಮನಿ ನೀರು ಕುಡಿಯಂಗಿಲ್ಲ." ಹಾಗೆಂದು ಉಳಿದ ಪಂಕ್ತಿಗೆ ತುಪ್ಪ ಬಡಿಸದೆ ಒಳಗೆ ಹೋದರು. ಅರ್ಧ ಪಂಕ್ತಿಗೆ ತುಪ್ಪ ಬಿತ್ತು, ಅರ್ಧ ಪಂಕ್ತಿಗೆ ಬೀಳಲಿಲ್ಲ. ಬೀಳದವರು ನನ್ನ ಗಂಡನನ್ನು ಬಹಳ ಕಾಲ ಕ್ಷಮಿಸಲಿಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಬೇಕು. ಅದು ಬರೀ ಹಬ್ಬವಲ್ಲ; ಜೋಕಾಲಿ, ಎಳ್ಳುಂಡಿ, ಅವ್ವನ ಮಡಿಲು ಎಲ್ಲ ಸೇರಿದ ಒಂದು ಹಕ್ಕು. ಓಣಿಯ ಸೊಸೆಯರನ್ನೆಲ್ಲ ಅವರವರ ಅಣ್ಣನೋ ಅಪ್ಪನೋ ಬಂದು ಗಾಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರು. ನನಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಬರಲಿಲ್ಲ. ಮೊದಲ ಪಂಚಮಿ ಹೋಯಿತು, ಎರಡನೆಯದೂ ಹೋಯಿತು. ಗಾಡಿಯ ಗೆಜ್ಜೆ ಸದ್ದು ಕೇಳಿದಾಗಲೆಲ್ಲ ನಾನು ಏನೋ ನೆಪ ಮಾಡಿ ಬಾಗಿಲಿಗೆ ಬರುತ್ತಿದ್ದೆ. ಅತ್ತೆಯವರು ನೋಡಿದರೂ ನೋಡದವರಂತೆ ಒಳಗೆ ಹೋಗುತ್ತಿದ್ದರು. ಮಾತು ಒರಟು, ಜೀವ ಮೆತ್ತಗೆ.

ಅಷ್ಟರಲ್ಲಿ ನಮ್ಮವರಿಗೆ ಸಿರುಗುಪ್ಪೆಗೆ ವರ್ಗವಾಯಿತು. ಬಳ್ಳಾರಿಯ ಬೆಂಕಿಯಿಂದ ಬಂದವರಿಗೆ ಸಿರುಗುಪ್ಪೆ ಸ್ವರ್ಗ. ಕಾಲುವೆಯ ನೀರು, ಕಣ್ಣು ಹರಿದಷ್ಟೂ ಭತ್ತದ ಗದ್ದೆ. ನಮ್ಮ ಮನೆಯ ಮುಂದಿನ ಓಣಿ ಇಳಿಜಾರಾಗಿ ಇಳಿದು ನೆಟ್ಟಗೆ ಗದ್ದೆ ಬಯಲಿಗೆ ಮುಟ್ಟುತ್ತಿತ್ತು. ಆಷಾಢದಲ್ಲಿ ಆ ಓಣಿಯಲ್ಲಿ ಬೀಸುವ ಗಾಳಿಗೆ ಒಣಹಾಕಿದ ಸೀರೆಗಳು ಊರು ಬಿಟ್ಟು ಹೋಗುತ್ತಿದ್ದವು.

ಆ ಗಾಳಿ ಕಂಡು ನಮ್ಮವರಿಗೆ ಒಂದು ಯೋಚನೆ ಬಂತು. ಅಮೆರಿಕದ ಪಂಡಿತ ಎಡಪ್ಪನ ಹಾಯಿಯ ಬಗ್ಗೆ ಒಂದು ಊಹೆ ಮಾಡಿದ್ದನಂತೆ: ಅದು ಹಡಗಿನ ಹಾಯಿಯ ಕೆಲಸವನ್ನೇ ಮಾಡುತ್ತಿದ್ದಿರಬಹುದು, ಗಾಳಿ ಬಂದಾಗ ಬೆನ್ನು ಎತ್ತಿ ಕೆರೆ ದಾಟುತ್ತಿತ್ತೋ ಏನೋ. ಪಂಡಿತ ತಮಾಷೆಗೆ ಹೇಳಿದ್ದನೋ ನಿಜಕ್ಕೆ ಹೇಳಿದ್ದನೋ ನನಗೆ ತಿಳಿಯದು. ನಮ್ಮವರು ನಿಜಕ್ಕೇ ತೆಗೆದುಕೊಂಡರು. ಎಡಪ್ಪನನ್ನು ಆಕಾರಕ್ಕೆ ತಕ್ಕಂತೆ ಕಟ್ಟಿ, ಗಾಳಿಗೆ ಒಡ್ಡಿ, ಪರೀಕ್ಷೆ ಮಾಡಿ ಬಿಡುವುದೆಂದು ನಿಶ್ಚಯಿಸಿದರು. ಇನ್ನೊಂದು ಗುಟ್ಟಿನ ಉದ್ದೇಶವನ್ನೂ ನನಗೆ ಹೇಳಿದರು.

"ಮಂಗ್ಯಾ ಅಂದದ್ದಕ್ಕ ನಿಮ್ಮಪ್ಪಗ ಸಿಟ್ಟು ಬಂತು. ಯಾಕ? ಮಂಗ್ಯಾ ಮೊನ್ನೆ ಮೊನ್ನೆಯದು. ಇದನ್ನ ತೋರಿಸಿದ್ರ ಸಿಟ್ಟು ಇಳೀತೈತಿ. ನಮ್ಮ ಮಂದಿಗೆ ಹಳೇದು ಅಂದ್ರ ಮರ್ಯಾದಿ ಜಾಸ್ತಿ."

ನಾನು ಹಳೆಯ ಕಾಗದ ಹುಡುಕಲು ಅಟ್ಟ ಹತ್ತಿದೆ.

ಮುರಿದ ಕಮಾನು ಗಾಡಿಯೊಂದರ ಗಾಲಿಗಳು ಸಿಕ್ಕವು. ಬಿದಿರಿನ ತಟ್ಟಿಯಿಂದ ಮೈ ಆಯಿತು. ಬಳ್ಳಾರಿಯ ದಂಡಿನಲ್ಲಿ ಡೇರೆ ಹೊಲಿಯುತ್ತಿದ್ದ ಇಮಾಮಸಾಬ ಇವರ ಹಳೆಯ ಸ್ನೇಹಿತ. ಹರಿದ ಡೇರೆಯ ಬಟ್ಟೆ ಹೇರಿಕೊಂಡು ಬಂದು ಹಾಯಿ ಹೊಲಿದುಕೊಟ್ಟ. ಹೊಲಿಯುತ್ತ ಹೊಲಿಯುತ್ತ ಅವನಿಗೊಂದು ಅನುಮಾನ.

"ಮಾಸ್ತರ, ಇದು ನೀರು ದಾಟಾಕ ಅಲ್ರೀ. ಶಾದಿ ಸಲುವಾಗಿ. ಹೆಣ್ಣಿನ ಮುಂದ ಇದನ್ನ ಬಿಚ್ಚಿ ನಿಂತ್ರ ಯಾವ ಹೆಣ್ಣು ಒಲ್ಲೆ ಅಂದೀತು?"

"ಛೇ, ಬಿಸಿಲಿಗಿ ಹಪ್ಪಳ ಒಡ್ಡಿದಂಗ ಮೈ ಕಾಸಿಕೊಳ್ಳಾಕ ಇರಬೇಕು," ಎಂದು ನಾನು ಒಳಗಿನಿಂದ ಅಂದೆ.

"ಬೆನ್ನು ತುರಿಸಿದ್ರ ಏನ್ ಮಾಡ್ತಿತ್ತೋ ಪಾಪ," ಎಂದರು ಅತ್ತೆಯವರು. ಈಗಲೂ ಪಂಡಿತರು ಆ ಹಾಯಿಯ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದಿಲ್ಲವೆಂದು ಕೇಳಿದ್ದೇನೆ. ತುರಿಕೆಯ ಪ್ರಶ್ನೆಯನ್ನು ಯಾರೂ ಎತ್ತಿದಂತೆಯೂ ಕಾಣೆ.

ಮೈಗೆ ಚರ್ಮ ಬೇಕಲ್ಲ. ಹಳೆಯ ಕಾಗದಗಳನ್ನು ಪದರ ಪದರವಾಗಿ ಮೆತ್ತಲು ಹುಣಸೆ ಬೀಜದ ಅಂಟು ಕುದಿಸುವ ಕೆಲಸ ನನ್ನ ಪಾಲಿಗೆ ಬಂತು. ಒಲೆಯ ಮೇಲೆ ಅಲ್ಲ, ಹಿತ್ತಲಿನಲ್ಲಿ ಮೂರು ಕಲ್ಲು ಇಟ್ಟು. ಮಡಿಯಲ್ಲಿದ್ದ ಅತ್ತೆಯವರು ದೂರದಲ್ಲಿ ನಿಂತು, ಮುಟ್ಟದೆ, ಒಂದೊಂದಕ್ಕೂ ಅಪ್ಪಣೆ ಕೊಡುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು, ತಲೆ ಆಗುವವರೆಗೆ. ನಮ್ಮವರು ದೊರೆಯ ಪತ್ರಿಕೆಯ ಚಿತ್ರದಲ್ಲಿದ್ದಂತೆ ತಲೆ ಮಾಡಿ, ಬಾಯಿ ತುಂಬ ಬಿದಿರು ಕೊರೆದು ಚೂರಿಯಂಥ ಹಲ್ಲು ಸಿಕ್ಕಿಸಿದರು. ಅತ್ತೆಯವರು ಕಂಡದ್ದೇ ಕೆಂಡವಾದರು.

"ಇದು ಬಾಡು ತಿನ್ನೋ ಬಾಯಿ. ನಮ್ಮ ಬಾಗಲ ಮುಂದ ಇದು ನಿಂದ್ರಂಗಿಲ್ಲ."

"ಅವ್ವಾ, ಚಿತ್ರದಾಗ ಹಂಗ ಐತಿ."

"ಚಿತ್ರ ಬರದವಗೇನು ಗೊತ್ತು? ಆ ಹೊಟ್ಟಿ ನೋಡು. ಅಷ್ಟು ದೊಡ್ಡ ಹೊಟ್ಟಿ ಅನ್ನ ಸೊಪ್ಪು ತಿನ್ನೋರಿಗಿ ಬರ್ತೈತಿ. ನಮ್ಮ ಪುರೋಹಿತರನ್ನ ನೋಡಿಲ್ಲೇನು? ಹಲ್ಲು ಕಿತ್ತು ದವಡಿ ಹಲ್ಲು ಇಡು."

ಹಲ್ಲು ಕಿತ್ತೆವು. ದವಡೆ ಹಲ್ಲಿಗೆ ಏನು ಇಡುವುದೆಂದು ತೋಚದೆ, ಅಂಟಿಗೆಂದು ನೆನೆಹಾಕಿದ್ದರಲ್ಲಿ ಉಳಿದಿದ್ದ ಹುಣಸೆ ಬೀಜಗಳನ್ನೇ ಬಾಯೊಳಗೆ, ಅಂಗುಳಕ್ಕೂ ಕೂಡ, ಒತ್ತೊತ್ತಾಗಿ ಅಂಟಿಸಿದೆ. ನೋಡಿ, ಇಲ್ಲಿ ನಾನು ಸ್ವಲ್ಪ ಮುಂದಿನ ಕಾಲಕ್ಕೆ ಜಿಗಿಯಬೇಕು. ಬಹಳ ವರ್ಷಗಳಾದ ಮೇಲೆ ನಮ್ಮವರು ಮದ್ರಾಸಿನಿಂದ ತರಿಸಿದ ಪತ್ರಿಕೆಯೊಂದನ್ನು ಓದುತ್ತ ಕೂತವರು ಇದ್ದಕ್ಕಿದ್ದಂತೆ ಎದ್ದು ಮನೆಯೆಲ್ಲ ತಿರುಗಾಡತೊಡಗಿದರು. ಹಾಯಿಬೆನ್ನಿನ ಪ್ರಾಣಿಗಳಲ್ಲಿ ಎರಡು ಬೇರೆ ಬೇರೆ ಕುಟುಂಬಗಳಿದ್ದವಂತೆ. ಒಂದು ಮಾಂಸ ತಿನ್ನುವುದು, ಇನ್ನೊಂದು, ಅಂದರೆ ನಮ್ಮ ಎಡಪ್ಪನದು, ಸೊಪ್ಪು ಸದೆ ತಿನ್ನುವುದು. ಮೊದಲಿನ ಪಂಡಿತರು ಸೊಪ್ಪು ತಿನ್ನುವವನ ಮುಂಡಕ್ಕೆ ಮಾಂಸ ತಿನ್ನುವವನ ರುಂಡ ಕೂಡಿಸಿ ಕೂತಿದ್ದರಂತೆ. ಎಡಪ್ಪನ ನಿಜವಾದ ತಲೆ ಚಿಕ್ಕದು. ಬಾಯೊಳಗೆ ಅಂಗುಳದ ತುಂಬ ಅರೆಯುವುದಕ್ಕೆ ತಕ್ಕ ಹರಳಿನಂಥ ಹಲ್ಲುಗಳು. ಇವರು ಅದನ್ನು ಓದಿ ಹೇಳಿದಾಗ ಅತ್ತೆಯವರಿಗೆ ಕಿವಿ ಮಂದವಾಗಿತ್ತು. ಎರಡು ಸಲ ಕೂಗಿ ಹೇಳಬೇಕಾಯಿತು. ಕೇಳಿಸಿದ ಮೇಲೆ, "ಹೂಂ, ಅದಕ್ಯಾಕ ಇಷ್ಟು ಒದರ್ತೀ?" ಎಂದರು.

ಹಿಂದಕ್ಕೆ ಬರೋಣ. ಆಷಾಢ ಮುಗಿಯುತ್ತ ಬಂದಿತ್ತು, ಅಮಾವಾಸ್ಯೆಗೆ ಒಂದೇ ದಿನ. ಎಡಪ್ಪ ಸಿದ್ಧವಾಗಿ, ಹಾಯಿ ಏರಿಸಿಕೊಂಡು, ನಮ್ಮ ಬಾಗಿಲ ಮುಂದೆ ಓಣಿಯಲ್ಲಿ ನಿಂತಿತ್ತು. ಗಾಲಿಗೆ ಅಡ್ಡ ಒಂದು ಗುಂಡುಕಲ್ಲು. ಸಾಲೆ ಬಿಟ್ಟ ಮೇಲೆ ಪರೀಕ್ಷೆ ಎಂದು ಹೇಳಿ ನಮ್ಮವರು ಹೋಗಿದ್ದರು. ಬೆಳಗಿನಿಂದ ಗಾಳಿಯ ಸುಳಿವಿಲ್ಲ, ಬಿಸಿಲು ಚುರುಗುಡುತ್ತಿತ್ತು. ಆಗ ಗೆಜ್ಜೆ ಸದ್ದು. ಅಭ್ಯಾಸಬಲದಿಂದ ಬಾಗಿಲಿಗೆ ಬಂದೆ. ಗಾಡಿಯಿಂದ ಇಳಿಯುತ್ತಿದ್ದವರು ನಮ್ಮಪ್ಪ.

ನಡೆದದ್ದಿಷ್ಟು. ಕುರುಗೋಡಿನಲ್ಲಿ ಅವ್ವ ಹಟ ಹಿಡಿದಿದ್ದಳು. ಮಗಳು ಬರದೆ ಈ ಮನೆಯಲ್ಲಿ ಪಂಚಮಿಯ ಉಂಡಿ ಕಟ್ಟುವುದಿಲ್ಲ, ಎಳ್ಳು ಬೆಲ್ಲ ಬೇಕಾದರೆ ಹಾಗೇ ಮುಕ್ಕಿರಿ ಎಂದಿದ್ದಳು. ಅಪ್ಪನಿಗೆ ಶಪಥ ದೊಡ್ಡದು, ಉಂಡಿಯೂ ಸಣ್ಣದಲ್ಲ.

"ಲಗೂನ ಹೊರಡವಾ," ಎಂದರು, ನನ್ನ ಮುಖ ನೋಡದೆ. "ಗಾಡಿಯವ ಎತ್ತು ನೀರಿಗಿ ಬಿಟ್ಟು ಬರ್ತಾನ. ಬಂದ ಕೂಡ್ಲೆ ಹೋಗೂಣು."

ಅತ್ತೆಯವರು ಬಾಗಿಲ ಮರೆಯಿಂದ, "ಬೀಗರು ಒಳಗ ಬರಬೇಕು," ಎಂದರು.

"ಇಲ್ಲೇ ಚಲೋ ಐತ್ರಿ."

"ನೀರು?"

"ಬಾಯಾರಿಕಿಲ್ರಿ."

ಆ ಬಿಸಿಲಿನಲ್ಲಿ ಕುರುಗೋಡಿನಿಂದ ಬಂದವರಿಗೆ ಬಾಯಾರಿಕೆಯಿಲ್ಲ! ನನಗೆ ಒಂದು ಕಣ್ಣಿನಲ್ಲಿ ಸಂತೋಷ, ಇನ್ನೊಂದರಲ್ಲಿ ನೀರು. ಸೀರೆ ಗಂಟು ಕಟ್ಟುತ್ತ ಕಿಟಕಿಯಿಂದ ನೋಡಿದೆ. ಅಪ್ಪ ನೆರಳು ಹುಡುಕುತ್ತಿದ್ದರು. ನಮ್ಮ ಕಟ್ಟೆಯ ಮೇಲೆ ಕೂಡುವಂತಿಲ್ಲ, ಅದು ಹೊಸಿಲಿಗೆ ಸೇರಿದ್ದು. ಓಣಿಯಲ್ಲಿ ಮತ್ತೆಲ್ಲೂ ನೆರಳಿಲ್ಲ, ಒಂದೇ ಒಂದು ಕಡೆ ಬಿಟ್ಟು. ಡೇರೆ ಬಟ್ಟೆಯ ದೊಡ್ಡ ಪರದೆ, ಅದರ ಪಕ್ಕದಲ್ಲಿ ಕೂಡಲು ಹದವಾದ ಗುಂಡು ಗುಂಡು ಹೊಟ್ಟೆ. ಅಪ್ಪನ ದೃಷ್ಟಿ ಸ್ವಲ್ಪ ಮಬ್ಬು. ಯಾರೋ ಶ್ರೀಮಂತರ ಗಾಡಿ ರಿಪೇರಿಗೆ ನಿಂತಿದೆ ಎಂದುಕೊಂಡರೋ ಏನೋ, ಶಲ್ಯ ಕೊಡವಿ, ಎಡಪ್ಪನ ಪಕ್ಕೆಯ ಮೇಲೆ ಹತ್ತಿ ಕೂತು, ಹಾಯಿಗೆ ಬೆನ್ನು ಆನಿಸಿ, ಅಬ್ಬಾ ಎಂದರು.

ನಾನು ಕೂಗಬೇಕೆಂದುಕೊಂಡೆ. ಏನೆಂದು ಕೂಗಲಿ? ಅಪ್ಪಾ, ನೀನು ನಮ್ಮ ಹಿರಿಯರ ಮೇಲೆ ಕೂತಿದ್ದೀ ಎಂದೇ?

ಅಪ್ಪ ಎಲೆಯಡಿಕೆ ಸಂಚಿ ಬಿಚ್ಚಿದರು. ಹಲ್ಲು ಸಡಿಲವಾದದ್ದರಿಂದ ಅಡಿಕೆಯನ್ನು ಕುಟ್ಟಿಕೊಂಡೇ ತಿನ್ನಬೇಕು. ಸಣ್ಣ ಒರಳು ಗಾಡಿಯ ಗಂಟಿನಲ್ಲಿ ಉಳಿದಿತ್ತು. ಸುತ್ತ ನೋಡಿದರು. ಬಗ್ಗಿ, ಗಾಲಿಗೆ ಅಡ್ಡ ಇಟ್ಟಿದ್ದ ಗುಂಡುಕಲ್ಲನ್ನು ಎತ್ತಿಕೊಂಡರು. ಚಲೋ ನುಣ್ಣನೆಯ ಕಲ್ಲು. ಅದನ್ನು ತೊಡೆಯ ಮೇಲಿಟ್ಟು ಒರೆಸುತ್ತಿರುವ ಹೊತ್ತಿಗೆ ಬೆಳಗಿನಿಂದ ಎಲ್ಲಿ ಅಡಗಿತ್ತೋ ಆಷಾಢದ ಗಾಳಿ, ಓಣಿಯ ಮೇಲ್ತುದಿಯಿಂದ ಒಮ್ಮೆಲೆ ನುಗ್ಗಿತು.

ಹಾಯಿ ಡಬ್ಬೆಂದು ಉಬ್ಬಿತು. ಎಡಪ್ಪ ಒಂದು ಸಲ ಮೈ ಮುರಿದಂತೆ ನರಳಿ, ಹೊರಟೇಬಿಟ್ಟ.

ಮೊದಲು ಮೆಲ್ಲಗೆ. ಅಪ್ಪ ಅಡಿಕೆಯನ್ನೂ ಕಲ್ಲನ್ನೂ ಹಿಡಿದು, ಮನೆಗಳು ಹಿಂದಕ್ಕೆ ಹೋಗುತ್ತಿರುವುದನ್ನು ಆಶ್ಚರ್ಯದಿಂದ ನೋಡುತ್ತಿದ್ದರು. ಆಮೇಲೆ ಇಳಿಜಾರು ಬಂತು. ಕೋಳಿಗಳು ಹಾರಿದವು, ನಾಯಿಗಳು ಬಾಲ ಮಡಚಿದವು. "ಕೃಷ್ಣಾ! ಕೃಷ್ಣಾ!" ಎನ್ನುವ ಅಪ್ಪನ ದನಿ ಸಣ್ಣದಾಗುತ್ತ ಹೋಯಿತು. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಓಣಿಯ ನಡುವೆ ಸಾಲೆ; ಕಿಟಕಿಯ ಹೊರಗೆ ಎಡಪ್ಪ ಹಾದುಹೋದದ್ದು ಕಂಡು ನಮ್ಮವರು ಪಾಠವನ್ನು ಅರ್ಧಕ್ಕೇ ಬಿಟ್ಟು, "ಹೊಂಟ್ತು! ಹೊಂಟ್ತು!" ಎಂದು ಕುಣಿಯುತ್ತ ಬಂದು ನನ್ನ ಮುಂದೆ ಓಡತೊಡಗಿದರು. ಮೇಲೆ ಕೂತವರು ಯಾರೆಂದು ಅವರಿಗಿನ್ನೂ ಗೊತ್ತಿರಲಿಲ್ಲ. ಗೊತ್ತಾದಾಗ ಕಾಲು ಮತ್ತಷ್ಟು ಚುರುಕಾಯಿತು.

ಓಣಿ ಮುಗಿದಲ್ಲಿ ಬದು, ಬದುವಿನ ಆಚೆ ಆಗತಾನೇ ಹದ ಮಾಡಿದ ಕೆಸರುಗದ್ದೆ. ನಾಟಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಹಾಡುತ್ತಿದ್ದರು. ಎಡಪ್ಪ ಬದುವನ್ನು ಹಾರಿ, ಕೆಸರಿಗೆ ಬಿದ್ದು, ಹೊಟ್ಟೆಯವರೆಗೆ ಹೂತು ನಿಂತ. ಹಾಡು ನಿಂತಿತು.

"ಯವ್ವಾ ನೋಡ್ರೇ, ಆಚಾರ್ರು ಉಡದ ಮ್ಯಾಲ ಕುಂತು ಬಂದಾರ!"

ಅಪ್ಪನ ಮೈಯಲ್ಲಿ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಕೆಸರು. ಆದರೂ ಕೈಯಲ್ಲಿ ಆ ಕಲ್ಲು ಹಾಗೇ ಇತ್ತು. ನಮ್ಮವರು ಏದುಸಿರು ಬಿಡುತ್ತ ಬದುವಿನ ಮೇಲೆ ಬಂದು ನಿಂತರು. ಮಾವನನ್ನು ಎತ್ತುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದು ನಾನು ಕಾದೆ.

"ಮಾವಾರ, ಅಳ್ಳಾಡಬ್ಯಾಡ್ರಿ! ಹಂಗ ಕೂಡ್ರಿ! ಗಾಳಿ ಎತ್ತಾಗಿಂದ ಬಂತು, ಹಾಯಿ ಎತ್ತಾಗ ತಿರಿಗ್ತು, ಅಷ್ಟು ಹೇಳ್ರಿ!"

ನನ್ನ ತವರಿನ ಋಣ ಅಲ್ಲಿಗೆ ಹರಿಯಿತೆಂದು ನಾನು ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕುಸಿದೆ. ಅಪ್ಪ ಕೆಸರಿನ ನಡುವಿನ ಕಣ್ಣುಗಳಿಂದ ಅಳಿಯನನ್ನು ಬಹಳ ಹೊತ್ತು ನೋಡಿದರು. ತಪ್ಪು ಉತ್ತರ ಕೊಡುವುದು ಅವರ ಜಾಯಮಾನವಲ್ಲ.

"ಹಿಂದಿನಿಂದ ಬಂತು," ಎಂದರು ಕೊನೆಗೆ. "ಹಾಯಿ ಸ್ವಲ್ಪ ಬಲಕ್ಕ ವಾಲಿತ್ತು. ಬಲಗಾಲಿಗಿ ಎಣ್ಣಿ ಹಾಕಿಲ್ಲ ನೀವು."

ಆ ಕೆಸರಿನಲ್ಲಿ ಕುರುಗೋಡಿಗೆ ಹೋಗುವಂತಿರಲಿಲ್ಲ. ಆಚಾರ ದೊಡ್ಡದೋ ಶಪಥ ದೊಡ್ಡದೋ ಎಂದು ತೂಗಿ ನೋಡಿದರೆ ಸ್ನಾನವೇ ದೊಡ್ಡದು. ಅಪ್ಪ ಹೊಸಿಲು ದಾಟಿದರು. ಅತ್ತೆಯವರು ಹಂಡೆಯ ತುಂಬ ಬಿಸಿನೀರು ಕಾಯಿಸಿದ್ದರು. ಅಪ್ಪ ಮಂಗ್ಯಾನ ಮನೆಯ ನೀರಿನಲ್ಲಿ ಮಿಂದು, ಮಂಗ್ಯಾನ ಮಡಿ ಪಂಚೆ ಉಟ್ಟು, ಮಂಗ್ಯಾನ ಮನೆಯ ಸಾರು ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಊಟವಾಗಿ, ಅಡಿಕೆ ಕುಟ್ಟುತ್ತ, ಪಡಸಾಲೆಯ ಕಂಬಕ್ಕೆ ಒರಗಿ ವಿಚಾರಣೆ ಶುರು ಮಾಡಿದರು.

"ಅದೇನು ಪ್ರಾಣಿ?"

ನಮ್ಮವರು ಹೇಳಿದರು. ಜರೀಗಿಡ, ಜೌಗು, ಹೂವಿಲ್ಲದ ಭೂಮಿ, ಎಲ್ಲ ಹೇಳಿದರು. ಅವರು ಹೇಳುವಾಗ ಸಾಲೆಯ ಮಾಸ್ತರರ ಹಾಗಿರಲಿಲ್ಲ, ಸತ್ತ ತಾತನ ಬಗ್ಗೆ ಹೇಳುವವರ ಹಾಗಿದ್ದರು.

"ಆಹಾರ?"

ಇವರು ತಡವರಿಸಿದರು. "ಸೊಪ್ಪು!" ಎಂದು ಬಾಗಿಲ ಮರೆಯಿಂದ ಅತ್ತೆಯವರ ದನಿ ಬಂತು.

ಅಪ್ಪ ತಲೆಯಾಡಿಸಿದರು. "ಅದು ನಮ್ಮ ಹಿರಿಯ ಅಂತೀರೇನು?"

"ಹಂಗಲ್ರಿ ಮಾವಾರ. ನೇರ ಹಿರಿಯ ಅಲ್ಲ. ಹಿರಿಯರ ದಾಯಾದಿ ಅನ್ರಿ."

"ಮತ್ತ ಅವರ ಮಕ್ಕಳು ಮರಿ ಈಗ ಎಲ್ಲಿ ಅದಾವು?"

"ಯಾರೂ ಇಲ್ರಿ. ಇಡೀ ಕುಟುಂಬ ಹೋತು. ವಂಶ ನಿಂತು ಹೋತು."

ಅಪ್ಪನ ಕೈ ನಿಂತಿತು. ಮಂಗನ ಮಾತಿಗೆ ಕೆರಳಿದ ಮನುಷ್ಯ ಈಗ ಬೇರೆಯೇ ಆಗಿದ್ದರು. ಅವರಿಗೂ ಗಂಡುಮಕ್ಕಳಿರಲಿಲ್ಲ ನೋಡಿ.

"ಅಂದ್ರ, ಒಂದು ತುತ್ತು ನೀರು ಬಿಡಾಕ ಯಾರೂ ಇಲ್ಲ?"

"ಇಲ್ರಿ."

"ಪಾಪ," ಎಂದರು ಅಪ್ಪ. ಬೆರಳು ಮಡಚಿ ತಿಥಿ ಎಣಿಸಿ ಅಂದರು, "ನಾಳೆ ಅಮಾವಾಸ್ಯಿ. ಹೆಂಗೂ ತರ್ಪಣ ಕೊಡಬೇಕು. ಕೊನೀಗೆ ಒಂದು ಬೊಗಸಿ ಅವಕ್ಕೂ ಬಿಡೂಣು. ಗೋತ್ರ ಯಾವುದು?"

ನಮ್ಮವರು ಇಂಗ್ಲಿಷಿನ ಯಾವ ಪತ್ರಿಕೆಯಲ್ಲೂ ಅದನ್ನು ಓದಿರಲಿಲ್ಲ. "ಗೊತ್ತಿಲ್ರಿ," ಎಂದರು, ಪರೀಕ್ಷೆಯಲ್ಲಿ ತಪ್ಪಿದವರಂತೆ.

"ಗೋತ್ರ ತಿಳೀದವರಿಗೆ ಕಾಶ್ಯಪ ಅಂತ ಹೇಳೋದು ಶಾಸ್ತ್ರ. ಹಾವು, ಹಕ್ಕಿ, ದನ, ಎಲ್ಲಾ ಕಶ್ಯಪರ ಸಂತಾನಾನ."

ಆಗ ಬಾಗಿಲ ಮರೆಯಿಂದ ಅತ್ತೆಯವರು ಬಲು ವಿನಯದಿಂದ ಕೇಳಿದರು. "ಬೀಗರದು ಯಾವ ಗೋತ್ರಾರಿ?"

ಅಪ್ಪ ಅಡಿಕೆಯನ್ನು ಇನ್ನೂ ನುಣ್ಣಗೆ ಕುಟ್ಟಿದರು.

"ಯಾವ ಗೋತ್ರ ಅಂದ್ರಿ?"

"ಕಾಶ್ಯಪ," ಎಂದರು ಅಪ್ಪ, ನೆಲ ನೋಡುತ್ತ.

"ನಮ್ಮದು ವಸಿಷ್ಠ," ಎಂದರು ಅತ್ತೆಯವರು. "ಹಂಗಾದ್ರ ಎಡಪ್ಪ ನಿಮ್ಮ ಕಡಿಯವನಾದ. ಚಲೋ ಆತು. ನಮಗ ಬರೇ ಬೀಗರು."

ಅಪ್ಪನಿಗೆ ಬಿಕ್ಕಳಿಕೆಯಂಥದೊಂದು ಬಂತು. ಅಡಿಕೆ ಗಂಟಲಿಗೆ ಸಿಕ್ಕಿತೆಂದು ನಾನು ನೀರು ತರಲು ಎದ್ದೆ. ಅದು ಅಡಿಕೆಯಲ್ಲ. ಹೊಟ್ಟೆ ಕುಣಿಯುತ್ತಿತ್ತು, ಹೆಗಲು ಕುಣಿಯುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಪಂಚಾಂಗದಲ್ಲಿ ಆ ದಿನ ಹಾಗೆ ಏನೂ ಬರೆದಿರಲಿಲ್ಲ. ನಾನು ತಂದ ನೀರನ್ನು ಗಟಗಟ ಕುಡಿದು, ಚೊಂಬು ಕೆಳಗಿಟ್ಟು, ಮತ್ತೆ ನಕ್ಕರು.

ಮರುದಿನ ಬೆಳಿಗ್ಗೆ ಕಾಲುವೆಯಲ್ಲಿ ನಿಂತು, ತಮ್ಮ ಅಪ್ಪ ಅಜ್ಜ ಮುತ್ತಜ್ಜರಿಗೆಲ್ಲ ಎಳ್ಳು ನೀರು ಬಿಟ್ಟ ಮೇಲೆ, ಗದ್ದೆಯ ಕಡೆ ಒಮ್ಮೆ ತಿರುಗಿ ನೋಡಿ, ಇನ್ನೊಂದು ಬೊಗಸೆ ಬಿಟ್ಟರು. ಕೆಸರಿನಲ್ಲಿ ಹೂತ ಎಡಪ್ಪನ ಕಾಗದದ ಮೈ ರಾತ್ರಿಯೇ ನೆನೆದು ಕುಸಿದಿತ್ತು, ಹಾಯಿಯ ತುದಿ ಮಾತ್ರ ಕಾಣುತ್ತಿತ್ತು. ಆ ಹೊತ್ತಿಗೆ ನಮ್ಮವರು ಯಾವ ಪರೀಕ್ಷೆಯ ಮಾತನ್ನೂ ಎತ್ತದೆ ಮಾವನ ಹಿಂದೆ ಕೈಮುಗಿದು ನಿಂತಿದ್ದರು. ಆಮೇಲೆ ನನ್ನನ್ನು ಗಾಡಿಯಲ್ಲಿ ಕೂಡಿಸಿದರು. ಕುರುಗೋಡಿನ ಗುಡ್ಡ ಕಂಡಾಗ ಅಪ್ಪ, "ನಿನ್ನ ಗಂಡ ಸುಳ್ಳು ಹೇಳೋ ಮನುಷ್ಯಾ ಅಲ್ಲ ಬಿಡು," ಎಂದರು. ಆ ಪಂಚಮಿಯಲ್ಲಿ ನಾನು ತಿಂದಷ್ಟು ಉಂಡಿಯನ್ನು ಯಾರೂ ತಿಂದಿರಲಾರರು. ಮುಂದಿನ ಪಂಚಮಿಯಿಂದ ಅಳಿಯನೂ ಬರಬೇಕೆಂದು ಅಪ್ಪನೇ ಅಪ್ಪಣೆ ಮಾಡಿದರು. ಅಪ್ಪ ಇರುವ ತನಕ ಪ್ರತಿ ಅಮಾವಾಸ್ಯೆಗೂ ಆ ಕೊನೆಯ ಬೊಗಸೆ ತಪ್ಪಲಿಲ್ಲ. ಅವರು ಹೋದ ಮೇಲೆ ಅದೂ ನಿಂತಿತು. ನಮ್ಮವರೂ ಹೋದರು. ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರು ನಂಬುತ್ತಾರೆ?

ಇಷ್ಟನ್ನು ಬರೆದು ಇಟ್ಟಿದ್ದೆ. ಮೊನ್ನೆ ಮಹಾಲಯ ಅಮಾವಾಸ್ಯೆ. ಬಳ್ಳಾರಿಯ ಈ ಮನೆಯ ನಡುಮನೆಯಲ್ಲಿ ನನ್ನ ಮಗ ತರ್ಪಣಕ್ಕೆ ಕೂತಿದ್ದ. ತಂದೆಯ ಕಡೆ ಮುಗಿಯಿತು, ತಾಯಿಯ ಕಡೆಯೂ ಮುಗಿಯಿತು. ಹೊಸದಾಗಿ ಬಂದ ಪುರೋಹಿತರು ದರ್ಭೆ ಕಟ್ಟು ಬಿಚ್ಚಿಸಬೇಕು, ಅಷ್ಟರಲ್ಲಿ ಮಗ, "ಇನ್ನೊಬ್ಬರು ಅದಾರ್ರಿ," ಎಂದ. ನಾನು ಬೆಚ್ಚಿ ತಲೆಯೆತ್ತಿದೆ. ಸೊಸೆ ಅವನಿಗೆ ಎಲ್ಲ ಹೇಳಿದ್ದಾಳೆ!

"ಹೆಸರು?"

"ಎಡಪ್ಪ."

"ಗೋತ್ರ?"

"ಕಾಶ್ಯಪ."

"ಸಂಬಂಧ?"

ಮಗ ನನ್ನ ಕಡೆ ನೋಡಿದ. ನಾನು ಸೊಸೆಯ ಕಡೆ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, ಮುಖದ ಮೇಲೆ ಒಂದು ಗೆರೆಯೂ ಅಲುಗದ ಹಾಗೆ, "ನಮ್ಮತ್ತಿಯವರ ತವರುಮನಿ ಕಡಿಯವರ್ರಿ," ಎಂದಳು.

ಪುರೋಹಿತರು ಎಳ್ಳು ಕೈಗೆ ಕೊಡುತ್ತ, ಮರುಕದಿಂದ ನನ್ನತ್ತ ನೋಡಿ ಕೇಳಿದರು.

"ತೀರಿಕೊಂಡು ಭಾಳ ದಿನ ಆತೇನ್ರಿ?"

"ಹೌದ್ರಿ," ಎಂದೆ ನಾನು. "ಭಾಳ ದಿನ ಆತು."